ಬಲೆಯ ಏರಿಳಿತವೋ, ನೀರಿನ ಏರಿಳಿತವೋ: ಹಿನ್ನೀರಿನ ಪ್ರಾಣಿಪ್ಲವಕ ಎಣಿಸುವ ನನ್ನ ಕ್ರಮ

ಪ್ರಾಣಿಪ್ಲವಕ, ಅಂದರೆ ನೀರಿನಲ್ಲಿ ತೇಲುತ್ತ ಬದುಕುವ ಸಣ್ಣ ಪ್ರಾಣಿಗಳನ್ನು ಎಣಿಸುವವರು ಮೊದಲು ಅನುಮಾನಿಸಬೇಕಾದ್ದು ತಮ್ಮ ಬಲೆಯನ್ನೇ. ‘ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಜಾಸ್ತಿ’ ಎಂದು ಬರೆಯುವ ಮುಂಚೆ ಆ ಏರಿಳಿತ ಹೊಳೆಯದೋ ಬಲೆಯದೋ ಎಂದು ಖಾತ್ರಿ ಮಾಡಿಕೊಳ್ಳಬೇಕು. ಬಾಗಲಕೋಟೆಯಿಂದ ಚಿಕ್ಕಸಂಗಮದ ಕಡೆ ಹರಡಿರುವ ಘಟಪ್ರಭೆಯ ಹಿನ್ನೀರಿನಲ್ಲಿ (ಆಲಮಟ್ಟಿ ಅಣೆಕಟ್ಟಿನಿಂದ ನಿಂತ ನೀರು) ನಾನು ಮಾದರಿ ತೆಗೆಯುವ ರೀತಿಯೆಲ್ಲ ಈ ಅನುಮಾನದಿಂದಲೇ ರೂಪುಗೊಂಡದ್ದು.

ಈ ಎಚ್ಚರ ಚೆನ್ನಾಗಿ ಮನದಟ್ಟಾಗುವುದು ಧ್ರುವ ಪ್ರದೇಶದ ಕರಾವಳಿ ಅಧ್ಯಯನಗಳನ್ನು ಓದಿದಾಗ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಕಾಂಗ್ಸ್‌ಫ್ಯೋರ್ಡನ್ ಎಂಬ ಕಡಲ ಕೊಲ್ಲಿ 79 ಡಿಗ್ರಿ ಉತ್ತರದಲ್ಲಿದೆ; ಅದರ ದಂಡೆಯ ಮೇಲೆ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಮೇಲೇಳುವುದಿಲ್ಲ. ವಸಂತದಲ್ಲಿ ಪಾಚಿ ಉಕ್ಕಿದಾಗ ಕ್ಯಾಲನಸ್ ಗ್ಲೇಸಿಯಾಲಿಸ್ ಎಂಬ ಕೋಪಿಪಾಡ್‌ನ (ಸೀಗಡಿಯ ಬಳಗದ ಪುಟ್ಟ ಪ್ರಾಣಿ) ಮರಿಗಳು ತಿಂದು ಮೈತುಂಬ ಕೊಬ್ಬು ಕೂಡಿಟ್ಟುಕೊಳ್ಳುತ್ತವೆ, ಬೇಸಿಗೆ ಮುಗಿಯುವಾಗ ಬೆಳವಣಿಗೆಯ ನಾಲ್ಕನೇ ಐದನೇ ಹಂತದಲ್ಲಿ ಆಳಕ್ಕೆ ಇಳಿದುಬಿಡುತ್ತವೆ. ಆಗ ಮೇಲ್ನೀರಿನಲ್ಲಷ್ಟೇ ಬಲೆ ಎಳೆದರೆ ಅವು ಸತ್ತುಹೋದವು ಅನ್ನಿಸುತ್ತದೆ. ಇನ್ನೊಂದು, ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಲೆಯ ಕಣ್ಣು 200 ಮೈಕ್ರಾನ್ (ಮಿಲಿಮೀಟರಿನ ಐದನೇ ಒಂದು ಪಾಲು). ಒಯ್ತೋನಾದಂಥ ಸಣ್ಣ ಕೋಪಿಪಾಡ್‌ಗಳು, ನಾಪ್ಲಿಯಸ್ ಮರಿಗಳು (ಮೊಟ್ಟೆಯೊಡೆದ ಮೊದಲ ಹಂತದವು) ಅದರಲ್ಲಿ ಬಹುಪಾಲು ಸೋರಿಹೋಗುತ್ತವೆ. ಚಳಿಗಾಲದ ನೀರು ಇರುವುದಕ್ಕಿಂತ ಬರಿದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ನಮ್ಮ ನೀರಿನಲ್ಲಿ ಸಣ್ಣವೇ ಹೆಚ್ಚು. ರೋಟಿಫರ್‌ಗಳೆಂಬ ಅತಿ ಸಣ್ಣ ಜೀವಿಗಳು ಬೇಕೆಂದರೆ 60 ಮೈಕ್ರಾನ್ ಸುಮಾರಿನ ನೈಲಾನ್ ಬೋಲ್ಟಿಂಗ್ (ಜರಡಿ) ಬಟ್ಟೆಯೇ ಬೇಕು. ಆದರೆ ಕಣ್ಣು ಸಣ್ಣದಾದಷ್ಟೂ ಬೇಗ ಕಟ್ಟಿಕೊಳ್ಳುತ್ತದೆ. 30 ಸೆಂ.ಮೀ. ಬಾಯಿಯ ಬಲೆಯನ್ನು 5 ಮೀಟರ್ ಮೇಲಕ್ಕೆ ಎಳೆದರೆ ಲೆಕ್ಕದ ಪ್ರಕಾರ 353 ಲೀಟರ್ ಸೋಸಬೇಕು. ಪುಷ್ಯ, ಆಶ್ಲೇಷ ಮಳೆಗಳ ಹೊತ್ತಿಗೆ ಮೇಲಿನಿಂದ ಕೆಂಪು ನೀರು ಇಳಿದಾಗ ಬಲೆ ಅರ್ಧ ದಾರಿಯಲ್ಲೇ ಕೆಸರು ಹಿಡಿದು, ಉಳಿದ ನೀರು ಬಾಯಿಂದ ಪಕ್ಕಕ್ಕೆ ಸರಿಯುತ್ತದೆ. ಸೋಸಿದ್ದು ಎಷ್ಟು ಎಂಬುದೇ ತಿಳಿಯದು. ಮಳೆಗಾಲದ ‘ಕಡಿಮೆ’ಯಲ್ಲಿ ಒಂದು ಪಾಲು ಹೀಗೆ ಹುಟ್ಟಿದ್ದು.

ಆದ್ದರಿಂದ ನಾನು ಬಲೆ ಎಳೆಯುವುದಿಲ್ಲ. ನೀರನ್ನು ಅಳೆದು ತಂದು ಆ ಬಲೆಗೆ ಸುರಿದು ಸೋಸುತ್ತೇನೆ. 75 ಮಿ.ಮೀ. ಪಿವಿಸಿ ಪೈಪಿನ ಎರಡು ಮೀಟರ್ ತುಂಡು, ಕೆಳತುದಿಗೆ ಪಂಪ್‌ಸೆಟ್‌ನ ಫುಟ್‌ವಾಲ್ವ್. ವಾಲ್ವಿನ ಜಾಲರಿ ಬಿಚ್ಚಿಬಿಡಬೇಕು, ಇಲ್ಲದಿದ್ದರೆ ಕಸ ಸಿಕ್ಕಿ ನೀರು ಸರಾಗ ಒಳಬರುವುದಿಲ್ಲ. ಪೈಪನ್ನು ನೆಟ್ಟಗೆ ಇಳಿಸಿ, ಸರ್ರನೆ ಎತ್ತಿದರೆ ಮೇಲ್ಮೈಯಿಂದ ಎರಡು ಮೀಟರ್‌ವರೆಗಿನ ನೀರೆಲ್ಲ ಒಟ್ಟಿಗೆ ಬರುತ್ತದೆ, ಸುಮಾರು ಏಳೂವರೆ ಲೀಟರ್. ಪೈಪಿನ ಗೋಡೆ ದಪ್ಪ ಬೇರೆ ಬೇರೆ ಇರುವುದರಿಂದ ನಿಮ್ಮದಕ್ಕೆ ಎಷ್ಟು ಹಿಡಿಯುತ್ತದೆಂದು ಮೊದಲೇ ಅಳೆದು ಪೈಪಿನ ಮೇಲೆಯೇ ಬರೆದಿಡಿ. ಏಳು ಸಲ ಎತ್ತಿದರೆ 50 ಲೀಟರ್ ದಾಟುತ್ತದೆ. ಕೆಸರಿದ್ದರೆ ಸೋಸಲು ತಡವಾಗುತ್ತದೆ ಅಷ್ಟೇ, ಅಳತೆ ಕೆಡುವುದಿಲ್ಲ. ಬಲೆಯ ಬಾಯಿ ತುಂಬಿ ಹೊರಚೆಲ್ಲದಂತೆ ನಿಧಾನ ಸುರಿಯಬೇಕು.

ಹೊತ್ತು ಕೂಡ ಕಟ್ಟುನಿಟ್ಟು. ರಾತ್ರಿ ಮೇಲೆ ಬಂದು ಹಗಲು ಕೆಳಗಿಳಿಯುವ ಜೀವಿಗಳಿವು. ಒಂದು ತಿಂಗಳು ಬೆಳಿಗ್ಗೆ ಏಳಕ್ಕೆ, ಮುಂದಿನ ತಿಂಗಳು ಹನ್ನೊಂದಕ್ಕೆ ತೆಗೆದರೆ ಹೋಲಿಕೆಗೆ ಅರ್ಥವಿಲ್ಲ.

ಕೆಡದಂತೆ ಇಡುವುದರಲ್ಲಿ ನಾನು ರಾಜಿಯಾಗುವುದಿಲ್ಲ. ಸೋಸಿ ಉಳಿದದ್ದನ್ನು 90 ಮಿ.ಲೀ.ಗೆ ತಂದು ಅದಕ್ಕೆ ಸ್ವಲ್ಪ ತಣ್ಣನೆ ಸೋಡಾ ನೀರು ಹಾಕಿದರೆ ರೋಟಿಫರ್‌ಗಳು ಮುದುಡಿಕೊಳ್ಳದೆ ಮಂಪರಾಗುತ್ತವೆ (ಸೋಡಾದ ಅಳತೆಯೂ ಆ 90ರೊಳಗೇ ಇರಲಿ). ಆಮೇಲೆ 4 ಗ್ರಾಂ ಸಕ್ಕರೆ ಕರಗಿಸಿದ 10 ಮಿ.ಲೀ. ಫಾರ್ಮಾಲಿನ್. ಸಕ್ಕರೆ ಯಾಕೆಂದರೆ, ಬರೀ ಫಾರ್ಮಾಲಿನ್‌ನಲ್ಲಿ ಮೊಯ್ನಾ, ಸೀರಿಯೋಡಾಫ್ನಿಯಾದಂಥ ಕ್ಲಾಡೋಸಿರಾಗಳ (ನೀರುಚಿಗಟಗಳ) ಚಿಪ್ಪು ಉಬ್ಬಿ ಬಾಯ್ದೆರೆದು, ಬೆನ್ನ ಚೀಲದ ಮೊಟ್ಟೆಗಳು ಹೊರಬೀಳುತ್ತವೆ. ಆ ಮೊಟ್ಟೆಗಳೇ ಋತುವಿನ ಸುದ್ದಿ ಹೇಳುವುದು: ತಾಯಿಗಳು ಕಡಿಮೆಯಿದ್ದೂ ಚೀಲಗಳು ತುಂಬಿದ್ದರೆ ಸಂತತಿ ಏಳುತ್ತಿದೆ, ತಾಯಿಗಳು ಸಾಕಷ್ಟಿದ್ದೂ ಚೀಲ ಖಾಲಿಯಿದ್ದರೆ ಇಳಿಯುತ್ತಿದೆ. ಫಾರ್ಮಾಲಿನ್ ಕೆಲಸ ಬಯಲಲ್ಲೇ, ಕೈಗವಸು ಹಾಕಿಕೊಂಡೇ.

ಎಣಿಕೆಗೆ ಸೆಡ್ಜ್‌ವಿಕ್-ರಾಫ್ಟರ್ ಕೋಶ, ಸೂಕ್ಷ್ಮದರ್ಶಕದಡಿ ಇಡುವ, 1 ಮಿ.ಲೀ. ಹಿಡಿಯುವ ಚಿಕ್ಕ ತಟ್ಟೆ. ಬಾಟಲಿಯನ್ನು ದುಂಡಗೆ ತಿರುಗಿಸಿದರೆ ಭಾರದವು ನಡುವೆ ಗುಂಪಾಗುತ್ತವೆ. ಎಂಟರ ಆಕಾರದಲ್ಲಿ ಅಲ್ಲಾಡಿಸಿ, ಅಗಲ ಬಾಯಿಯ ಪಿಪೆಟ್‌ನಿಂದ ತೆಗೆಯಬೇಕು. ಕನಿಷ್ಠ ಮೂರು ಕೋಶ ಎಣಿಸಿ ಸರಾಸರಿ 32 ಬಂತು, ಬಾಟಲಿ 100 ಮಿ.ಲೀ., ಸೋಸಿದ್ದು 50 ಲೀಟರ್ ಎಂದಿಟ್ಟುಕೊಂಡರೆ, 32ನ್ನು 100ರಿಂದ ಗುಣಿಸಿ 50ರಿಂದ ಭಾಗಿಸಿ: ಲೀಟರಿಗೆ 64. ಒಂದು ಗುಂಪಿನಲ್ಲಿ ಒಟ್ಟು ನೂರು ಜೀವಿ ಎಣಿಸಿದರೂ ಶೇಕಡಾ 20ರಷ್ಟು ಆಚೀಚೆ ಇರುತ್ತದೆ. ಹತ್ತು ಹನ್ನೆರಡೇ ಸಿಕ್ಕ ಜಾತಿಯ ಏರಿಳಿತದ ಮೇಲೆ ದೊಡ್ಡ ಮಾತು ಬೇಡ.

ಕೆಂಪು ನೀರಿನ ಮಾದರಿಯಲ್ಲಿ ಕೆಸರಿನಡಿ ಜೀವಿಗಳು ಮರೆಯಾಗುತ್ತವೆ. ಅದನ್ನು 200 ಮಿ.ಲೀ.ಗೆ ತೆಳುಮಾಡಿ, ಕೆಲವು ಹನಿ ರೋಸ್ ಬೆಂಗಾಲ್ ಬಣ್ಣ ಹಾಕಿ ರಾತ್ರಿಯಿಡೀ ಬಿಟ್ಟರೆ ಮಾಂಸವಿದ್ದದ್ದು ಗುಲಾಬಿಯಾಗುತ್ತದೆ. ಪ್ರವಾಹ ತಂದ ಖಾಲಿ ಚಿಪ್ಪು ಬಣ್ಣ ಹಿಡಿಯುವುದಿಲ್ಲ, ಅದನ್ನು ಎಣಿಸಬಾರದು. ಕಾಂಗ್ಸ್‌ಫ್ಯೋರ್ಡನ್‌ನ ಒಳಭಾಗದಲ್ಲೂ ಬೇಸಿಗೆಗೆ ಹಿಮನದಿ ಕರಗಿ ಕೆಂಪು ಕೆಸರು ಇಳಿಯುತ್ತದೆ, ಸಿಹಿನೀರಿಗೆ ಸಿಕ್ಕಿ ಸತ್ತ ಕಡಲ ಪ್ಲವಕಗಳು ಬಲೆಗೆ ಬರುತ್ತವೆ. ಅಲ್ಲೂ ಸತ್ತದ್ದನ್ನು ಬೇರ್ಪಡಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂಬುದು ಜೀವಿಯ ಆಯಸ್ಸಿನ ಮೇಲಿದೆ. ಕ್ಯಾಲನಸ್ ಗ್ಲೇಸಿಯಾಲಿಸ್ ಬಾಳು ಒಂದೆರಡು ವರ್ಷ; ತಿಂಗಳಿಗೊಮ್ಮೆ ತೆಗೆದರೂ ಅದರ ಕಥೆ ಸಿಗುತ್ತದೆ. ನಮ್ಮ ಬಿಸಿ ನೀರಿನಲ್ಲಿ ಬ್ರಾಕಿಯೋನಸ್ ಎಂಬ ರೋಟಿಫರ್ ಎರಡು ಮೂರು ದಿನಕ್ಕೇ ಮೊಟ್ಟೆಗೆ ಬರುತ್ತದೆ, ಮೊಯ್ನಾ ವಾರದೊಳಗೆ. ಮಾಮೂಲಾಗಿ ಹದಿನೈದು ದಿನಕ್ಕೊಮ್ಮೆ, ಕೆಂಪು ತಿಳಿಯಾಗುವ ಹೊತ್ತಿಗೆ ವಾರಕ್ಕೆರಡು ಸಲ ತೆಗೆಯಬೇಕು. ಆಗ ಕ್ರಮ ಕಾಣುತ್ತದೆ: ಮೊದಲು ರೋಟಿಫರ್, ಹಿಂದೆಯೇ ತಳದ ಕೆಸರಿನ ಸುಪ್ತ ಮೊಟ್ಟೆಗಳಿಂದಲೂ ಏಳುವ ಕ್ಲಾಡೋಸಿರಾ, ಕೊನೆಗೆ ಬೆಳೆದ ಕೋಪಿಪಾಡ್.

ಇವೆಲ್ಲ ಸರಿಯಿದ್ದರೂ ಒಂದು ಕಾಲಂ ಬಿಟ್ಟರೆ ವಹಿ ಅಪೂರ್ಣ: ನೀರು ಎಲ್ಲಿಯದು. ಕಾಂಗ್ಸ್‌ಫ್ಯೋರ್ಡನ್‌ಗೆ ಅಟ್ಲಾಂಟಿಕ್ ನೀರು ನುಗ್ಗಿದಾಗ ಕ್ಯಾಲನಸ್ ಫಿನ್‌ಮಾರ್ಕಿಕಸ್ ಎಂಬ ಇನ್ನೊಂದು ಕೋಪಿಪಾಡ್ ತೇಲಿ ಬಂದು ಸೇರುತ್ತದೆ. ಅದು ಅಲ್ಲಿ ಹುಟ್ಟಿ ಹೆಚ್ಚಿದ್ದಲ್ಲ. ಘಟಪ್ರಭೆಗೇ ಮೇಲೆ ಕಟ್ಟಿದ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಾಗ ನಮ್ಮ ಹಿನ್ನೀರಿಗೂ ಆ ಜಲಾಶಯದ ಜೀವಿಗಳು ಹೊಳೆಗುಂಟ ಬರಬಹುದು. ಹಾಗಾಗಿ ಪ್ರತಿ ಮಾದರಿಯ ಪಕ್ಕ ಆಲಮಟ್ಟಿಯ ಆ ದಿನದ ನೀರಿನ ಮಟ್ಟ (ತುಂಬಿದಾಗ 519.60 ಮೀಟರ್), ಒಳಹರಿವು, ಹಿಡಕಲ್‌ನಿಂದ ಬಿಟ್ಟ ನೀರು, ಇಷ್ಟನ್ನೂ ಬರೆಯುತ್ತೇನೆ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಬಾಟಲಿಯೊಳಗೇ ಹಾಕುತ್ತೇನೆ.