ಕಿಮುರಾ ಪಟ್ಟನ್ನು ನಾನು ಎರಡನೆಯ ಸಲ ಕಲಿತ ಬಗೆ

ಮೈಸೂರಿನ ಗರಡಿಯೊಂದರಲ್ಲಿ ಒಂಬತ್ತು ವರ್ಷ ಮಟ್ಟಿಯಲ್ಲಿ ಕುಸ್ತಿ ಮಾಡಿ, ಆಮೇಲೆ ಕೆಲಸಕ್ಕಾಗಿ ಬೆಂಗಳೂರಿಗೆ ಬಂದು ಗುದ್ದು, ಒದೆ, ಕುಸ್ತಿ ಎಲ್ಲವೂ ಸೇರಿದ ಎಂಎಂಎ (ಮಿಶ್ರ ಸಮರ ಕಲೆ) ಕಲಿಯತೊಡಗಿದಾಗ, ಬೆನ್ನು ನೆಲಕ್ಕೆ ತಾಗಿದರೂ ಪಂದ್ಯ ಮುಗಿಯುವುದಿಲ್ಲ ಎಂಬ ಸಂಗತಿಗೆ ಒಗ್ಗಿಕೊಳ್ಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಗರಡಿಯಲ್ಲಿ ಚಿತ್ ಆದವನು ಸೋತ ಹಾಗೆಯೇ. ಇಲ್ಲಿ ಮಾತ್ರ ಅಂಗಾತ ಮಲಗಿದವನು ಮೇಲಿನವನ ಸೊಂಟವನ್ನು ಎರಡು ಕಾಲುಗಳ ನಡುವೆ ಕಟ್ಟಿಹಾಕಿ, ಅಂದರೆ ಗಾರ್ಡ್ ಹಾಕಿಕೊಂಡು, ಅಲ್ಲಿಂದಲೇ ಗೆಲ್ಲಬಹುದೆಂದು ಕೋಚ್ ತೋರಿಸಿಕೊಟ್ಟರು. ಹಾಗೆ ಅವರು ಮೊದಲು ಕಲಿಸಿದ ಪಟ್ಟು ಕಿಮುರಾ.

ಪಟ್ಟಿನ ರಚನೆ ಸರಳವಾದದ್ದು. ಎದುರಾಳಿಯ ಮಣಿಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಅವನ ತೋಳಿನ ಮೇಲಿಂದ ಸುತ್ತಿಸಿ ತಂದು ನಮ್ಮದೇ ಮಣಿಕಟ್ಟನ್ನು ಹಿಡಿದುಕೊಂಡು, ಅವನ ಮೊಣಕೈ ಮಡಿಸಿದಂತೆಯೇ ಇರುವಾಗ ಅಂಗೈಯನ್ನು ಬೆನ್ನಿನ ಕಡೆಗೆ ತಿರುಗಿಸಿದರೆ ಭುಜದ ಕೀಲು ತಡೆಯಲಾರದ ಮಿತಿಗೆ ಬಂದು ನಿಲ್ಲುತ್ತದೆ. ಜುಡೋದವರು ಇದನ್ನು ಗ್ಯಾಕು ಉದೆ ಗರಾಮಿ ಎನ್ನುತ್ತಾರೆ. 1951ರ ಅಕ್ಟೋಬರ್ 23ರಂದು ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜುಡೋ ಪಟು ಮಸಾಹಿಕೊ ಕಿಮುರಾ ಇದೇ ಪಟ್ಟಿನಿಂದ ಬ್ರೆಜಿಲ್‌ನ ಜುಜಿತ್ಸು ಪಟು ಎಲಿಯೊ ಗ್ರೇಸಿಯವರ ತೋಳನ್ನು ಮುರಿದರು. ಎಲಿಯೊ ಸೋಲೊಪ್ಪದಿದ್ದರೂ ಅವರ ಅಣ್ಣ ಕಾರ್ಲೋಸ್ ಪಂದ್ಯವನ್ನು ನಿಲ್ಲಿಸಿದರು. ಸೋತ ಮನೆತನದವರೇ ಪಟ್ಟಿಗೆ ಗೆದ್ದವನ ಹೆಸರಿಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಮೂಡುತ್ತದೆ.

ಆದರೆ ನಾನು ಕಲಿತ ರೀತಿಯಲ್ಲಿ ಅದು ಕೇಜಿನೊಳಗೆ, ಅಂದರೆ ಎಂಎಂಎ ಪಂದ್ಯ ನಡೆಯುವ ಬಲೆ ಸುತ್ತಿದ ಅಂಕಣದೊಳಗೆ, ಕೆಲಸ ಮಾಡಲಿಲ್ಲ. ನನ್ನ ಮೊದಲ ಅಮೆಚೂರ್ ಪಂದ್ಯದಲ್ಲಿ ಗಾರ್ಡ್‌ನಿಂದ ಕಿಮುರಾ ಹಿಡಿದೆ, ಹಿಡಿತವೂ ಗಟ್ಟಿಯಾಗಿಯೇ ಕೂತಿತು. ಎದುರಾಳಿ ಗಾಬರಿಯಾಗದೆ ತನ್ನ ಚಡ್ಡಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬಿಡುವಾಗಿದ್ದ ಇನ್ನೊಂದು ಕೈಯಿಂದ ನನ್ನ ಮುಖಕ್ಕೆ ಗುದ್ದತೊಡಗಿದ. ತನ್ನ ಚಡ್ಡಿಯನ್ನು ತಾನೇ ಹಿಡಿದುಕೊಳ್ಳುವುದು ನಿಯಮಕ್ಕೆ ವಿರುದ್ಧವಲ್ಲ. ನನ್ನ ಎರಡೂ ಕೈಗಳು ಅವನ ಒಂದೇ ತೋಳಿಗೆ ಮೀಸಲಾಗಿದ್ದುದರಿಂದ ಮುಖವನ್ನು ಕಾಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಜುಡೋದಲ್ಲಿ ಹಿಡಿತಕ್ಕೆ ಒದಗುವ ಅಂಗಿಯ ಬಟ್ಟೆ ಇಲ್ಲಿಲ್ಲ, ಎರಡನೆಯ ಸುತ್ತಿನ ಹೊತ್ತಿಗೆ ಮೈಯೆಲ್ಲ ಬೆವರಿನಿಂದ ಜಾರುತ್ತದೆ, ಗುದ್ದುಗಳಂತೂ ನಿಲ್ಲುವುದಿಲ್ಲ. ಆ ಪಂದ್ಯವನ್ನು ತೀರ್ಪುಗಾರರ ಅಂಕಗಳಲ್ಲಿ ಸೋತೆ. ಬಳಿಕ ಸುಮಾರು ಒಂದು ವರ್ಷ, ಈ ಪಟ್ಟಿನ ಕಾಲ ಮುಗಿಯಿತೆಂದೇ ನಂಬಿದ್ದೆ.

ನಂಬಿಕೆ ಬದಲಾದದ್ದು ಹಳೆಯ ಪಂದ್ಯಗಳ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡತೊಡಗಿದ ಮೇಲೆ. 2000ದ ಆಗಸ್ಟ್‌ನಲ್ಲಿ ನಡೆದ ಜಪಾನಿನ ಎಂಎಂಎ ಕೂಟ ಪ್ರೈಡ್ 10ರಲ್ಲಿ ಅದೇ ಗ್ರೇಸಿ ಮನೆತನದ ರೆಂಜೊ ಗ್ರೇಸಿ ಹಿಂದಿನಿಂದ ಸೊಂಟವನ್ನು ತಬ್ಬಿ ನಿಂತಿದ್ದಾಗ ಕಜುಶಿ ಸಕುರಾಬಾ ಆ ತಬ್ಬಿದ ಕೈಯನ್ನೇ ಕಿಮುರಾದಲ್ಲಿ ಹಿಡಿದು, ತಿರುಗಿ, ಕೆಳಗೆ ಬೀಳಿಸಿ ಮುಗಿಸಿದರು. 2011ರ ಡಿಸೆಂಬರ್‌ನಲ್ಲಿ ಟೊರಾಂಟೊದಲ್ಲಿ ನಡೆದ ಯುಎಫ್‌ಸಿ 140 ಎಂಬ ಎಂಎಂಎ ಕೂಟದಲ್ಲಿ ಫ್ರಾಂಕ್ ಮಿರ್ ಗುದ್ದು ತಿಂದು ತತ್ತರಿಸಿದ್ದರೂ, ಎದುರಾಳಿ ನೊಗೇರಾ ಕುತ್ತಿಗೆಗೆ ಕೈ ಹಾಕಿದಾಗ ಅದರಿಂದ ಬಿಡಿಸಿಕೊಂಡು ಮೇಲೆ ಬಂದು, ಇದೇ ಪಟ್ಟಿನಿಂದ ನೊಗೇರಾರ ತೋಳನ್ನು ಮುರಿದರು. ಎರಡರಲ್ಲೂ ಗೆದ್ದವರು ಗಾರ್ಡ್‌ನಲ್ಲಿ ಅಂಗಾತ ಮಲಗಿ ಕಾಯುತ್ತಿರಲಿಲ್ಲ. ಗರಡಿಯಲ್ಲಿ ನಮ್ಮ ಉಸ್ತಾದರು ಕೈ ಮಡಿಸುವ ಪಟ್ಟುಗಳನ್ನು ಕಲಿಸಿದ್ದು ನೋಯಿಸುವುದಕ್ಕಲ್ಲ, ಬೋರಲು ಬಿದ್ದವನನ್ನು ಹೊರಳಿಸಿ ಚಿತ್ ಮಾಡುವುದಕ್ಕೆ. ಕಿಮುರಾವನ್ನೂ ಮೊದಲು ಎದುರಾಳಿಯನ್ನು ಹೊರಳಿಸುವ ಪಟ್ಟಾಗಿ ಕಾಣಬೇಕೆಂಬುದು ನನಗೆ ಹೊಳೆದದ್ದು ಆಗ.

ಅಲ್ಲಿಂದ ನನ್ನ ಅಭ್ಯಾಸದ ದಿಕ್ಕೇ ಬದಲಾಯಿತು. ಗಾರ್ಡ್‌ನಲ್ಲಿರುವಾಗ ಹಿಡಿತ ಸಿಕ್ಕ ಕೂಡಲೇ ತಿರುಚಲು ಹೋಗದೆ, ಎದ್ದು ಕುಳಿತು ಅವನ ಎದೆಗೆ ಅಂಟಿಕೊಳ್ಳುತ್ತೇನೆ. ಎದೆ ಅಂಟಿದ ಮೇಲೆ ಗುದ್ದಲು ಅವನಿಗೆ ಅಂತರ ಸಿಗುವುದಿಲ್ಲ. ಅವನು ಕೈಯನ್ನು ಚಡ್ಡಿಯಲ್ಲಿ ಬಚ್ಚಿಟ್ಟರೆ ಆ ಬದಿಯಲ್ಲಿ ನೆಲಕ್ಕೆ ಊರಿಕೊಳ್ಳಲು ಕೈ ಇರುವುದಿಲ್ಲವಾದ್ದರಿಂದ, ನನ್ನ ಸೊಂಟವನ್ನು ಎತ್ತಿ ಆ ಬದಿಗೇ ಉರುಳಿಸುತ್ತೇನೆ. ಉರುಳುವುದನ್ನು ತಪ್ಪಿಸಿಕೊಳ್ಳಲು ಕೈಯೂರಿದರೆ ತೋಳು ತಾನಾಗಿ ತೆರೆದುಕೊಳ್ಳುತ್ತದೆ. ನನ್ನನ್ನು ಸೋಲಿಸಿದ ರಕ್ಷಣೆಯೇ ಈಗ ನನಗೆ ದಾರಿ ತೋರಿಸುತ್ತದೆ. ಕೇಜಿನ ಬಲೆಗೆ ಒತ್ತಿ ನನ್ನ ಒಂದು ಕಾಲನ್ನು ಎತ್ತಲು ಬರುವವನ ತೋಳನ್ನೂ ಹೀಗೆಯೇ ಹಿಡಿಯುತ್ತೇನೆ. ಆಗ ಅವನು ಕಾಲನ್ನು ಬಿಡಬೇಕು, ಇಲ್ಲವೇ ತೋಳನ್ನು ಅಪಾಯಕ್ಕೆ ಒಡ್ಡಬೇಕು. ಹೆಚ್ಚಿನವರು ಕಾಲನ್ನು ಬಿಡುತ್ತಾರೆ. ಅಷ್ಟಾದರೂ ಪಟ್ಟು ತನ್ನ ಕೆಲಸ ಮಾಡಿದಂತೆಯೇ.

ಮುಗಿಸುವ ಪ್ರಯತ್ನವನ್ನು ಈಗ ಮೇಲಿನಿಂದ, ಅಡ್ಡಲಾಗಿ ಎದೆಯೊತ್ತಿ ಮಲಗಿದ ಸ್ಥಿತಿಯಲ್ಲಿ ಮಾತ್ರ ಮಾಡುತ್ತೇನೆ. ಅವನ ತಲೆಯಾಚೆಗೆ ಒಂದು ಕಾಲು ದಾಟಿಸಿ, ಅವನ ಮೊಣಕೈಯನ್ನು ನನ್ನ ಎದೆಗೆ ಅಪ್ಪಿಕೊಂಡು, ಅವನನ್ನು ಮಗ್ಗುಲಿಗೆ ಎತ್ತಿದರೆ ಚಡ್ಡಿಯ ಮೇಲಿನ ಹಿಡಿತ ಸಡಿಲಾಗುತ್ತದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು, ಗ್ಲೌಸಿನ ಪಟ್ಟಿಯ ತೀರ ಹತ್ತಿರ ಮಣಿಕಟ್ಟನ್ನು ಹಿಡಿದರೆ ಬೆವರಿದ ಕೈಯೂ ಸುಲಭವಾಗಿ ಜಾರುವುದಿಲ್ಲ. ತಿರುಚುವ ಬಲ ತೋಳುಗಳಿಂದ ಬಂದರೆ ಅರ್ಧ ನಿಮಿಷದಲ್ಲಿ ಮುಂಗೈ ಸೋಲುತ್ತದೆ. ಆದ್ದರಿಂದ ಇಡೀ ಮುಂಡವನ್ನೇ ತಿರುಗಿಸಬೇಕು.

ಅಭ್ಯಾಸದ ವೇಳೆಯಲ್ಲಿ ಆದ ಒಂದು ಪೆಟ್ಟನ್ನು ಇಲ್ಲಿ ಹೇಳಲೇಬೇಕು. ನನಗಿಂತ ಕಿರಿಯನಾದ ಜೊತೆಗಾರನೊಬ್ಬ ಟ್ಯಾಪ್ ಮಾಡಲು, ಅಂದರೆ ಕೈ ತಟ್ಟಿ ಸೋಲೊಪ್ಪಲು, ತಡಮಾಡಿದ, ನಾನು ಬಿಡಲು ತಡಮಾಡಿದೆ. ಅವನು ಆರು ವಾರ ಭುಜಕ್ಕೆ ವಿಶ್ರಾಂತಿ ಕೊಡಬೇಕಾಯಿತು. ಈ ಪಟ್ಟಿನಲ್ಲಿ ನೋವು ಕಾಣಿಸಿಕೊಳ್ಳುವುದಕ್ಕೂ ಕೀಲು ಹಾಳಾಗುವುದಕ್ಕೂ ನಡುವಿನ ಅಂತರ ಬಹಳ ಕಡಿಮೆ. ಅಂದಿನಿಂದ ಅಭ್ಯಾಸದಲ್ಲಿ ಜೊತೆಗಾರನ ಕೈ ಬೆನ್ನಿನ ಮಟ್ಟಕ್ಕೆ ಬಂದೊಡನೆ ನಾನಾಗಿಯೇ ನಿಲ್ಲಿಸಿ, 'ಸಿಕ್ಕಿತು ಕಣೋ' ಎಂದು ಹೇಳಿ ಬಿಟ್ಟುಬಿಡುತ್ತೇನೆ.

ಆಮೇಲೆ ಆಡಿದ ನಾಲ್ಕು ಪಂದ್ಯಗಳಲ್ಲಿ ಕಿಮುರಾದಿಂದ ನೇರವಾಗಿ ಗೆದ್ದದ್ದು ಒಂದೇ, ಅದೂ ಮೇಲಿನ ಸ್ಥಿತಿಯಿಂದ. ಉಳಿದ ಮೂರರಲ್ಲಿ ಎರಡು ಸಲ ಅದೇ ಹಿಡಿತದಿಂದ ಕೆಳಗಿನಿಂದ ಮೇಲೆ ಬಂದೆ, ಒಂದು ಸಲ ಬಲೆಯ ಬಳಿ ಬೀಳದೆ ಉಳಿದೆ.