ಡಂಪ್ ಮೇಲೆ ಮೊದಲು ಹುಲ್ಲು, ಮರ ಆಮೇಲೆ

ಸಂಡೂರಿನ ಗಣಿ ಡಂಪ್‌ಗಳ, ಅಂದರೆ ಅದಿರಿಗಾಗಿ ಅಗೆದು ಸುರಿದ ಕಲ್ಲುಮಣ್ಣಿನ ಗುಡ್ಡೆಗಳ ಮೇಲೆ ಹಸಿರು ಬೆಳೆಸುವುದು ನನ್ನ ಕೆಲಸ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತಲ್ಲ, ಗಣಿ ಮತ್ತೆ ತೆರೆಯಬೇಕಾದರೆ ಹಾಳಾದ ನೆಲ ಸರಿಪಡಿಸುವ ಯೋಜನೆ ಬೇಕೇ ಬೇಕು ಅಂತಾಯಿತು. ನಮ್ಮಂಥವರಿಗೆ ಕೆಲಸ ಹುಟ್ಟಿದ್ದು ಹಾಗೆ.

ಬೆಂಕಿ ಬಿದ್ದ ಗುಡ್ಡ ತಾನೇ ಹಸಿರಾಗುತ್ತದಲ್ಲ, ಡಂಪನ್ನೂ ಹಾಗೇ ಬಿಟ್ಟರೆ ಆಗದೇ ಅನ್ನಬಹುದು. ಬೆಂಕಿ ಬಿದ್ದ ಗುಡ್ಡವೇ ಬೇರೆ, ಡಂಪೇ ಬೇರೆ. ಸುಟ್ಟ ಗುಡ್ಡದ ನೆಲದೊಳಗೆ ಬೇರು, ಬೀಜ ಉಳಿದಿರುತ್ತವೆ. ಮಳೆ ಬಿದ್ದರೆ ದಿಂಡಿಗದ ಮರ ಬುಡದಿಂದಲೇ ಚಿಗುರುತ್ತದೆ. ಅಲ್ಲಿ ದನ, ಆಡು ನುಗ್ಗದಂತೆ ನೋಡಿಕೊಂಡು ಸುಮ್ನೆ ಇದ್ದರೂ ಆದೀತು. ಡಂಪಿನಲ್ಲಿ ಇರುವುದು ಆಳದಿಂದ ಬಂದ ಕಲ್ಲು, ಪುಡಿ. ಬೀಜವಿಲ್ಲ, ಬೇರಿಲ್ಲ, ಸಾರಜನಕ ಇಲ್ಲವೆಂದೇ ಹೇಳಬೇಕು. ಜೋರು ಮಳೆಗೆ ಮಣ್ಣು ಕೊಚ್ಚಿಕೊಂಡು ಕೆಂಪು ನೀರು ಕೆಳಗಿನ ಹೊಲಕ್ಕೆ ಇಳಿಯುತ್ತದೆ.

ಹಾಗಾಗಿ ಸಸಿ ನೆಡುವ ಅವಸರ ನನಗಿಲ್ಲ. ಫೋಟೋಗೆ ಸಸಿ ಚೆನ್ನಾಗಿ ಕಾಣುತ್ತದೆ, ಅದು ಬೇರೆ ಮಾತು. ಮೊದಲು ಇಳಿಜಾರನ್ನು ಮೆಟ್ಟಿಲು ಮಾಡಿಸುತ್ತೇನೆ. ಬುಡಕ್ಕೆ ಕಲ್ಲಿನ ಗೋಡೆ, ಕೊರಕಲಿಗೆ ಅಡ್ಡ ಕಲ್ಲು, ಮೈಗೆ ತೆಂಗಿನ ನಾರಿನ ಜಾಲ. ಆಮೇಲೆ ಮೇಲ್ಮಣ್ಣು. ಈ ಮಣ್ಣಿಗಾಗಿ ಗಣಿಯವರ ಜೊತೆ ಜಗಳಕ್ಕೂ ನಿಲ್ಲುತ್ತೇನೆ. ಕೆರೆದು ತೆಗೆದ ಮೇಲ್ಮಣ್ಣನ್ನು ವರ್ಷಗಟ್ಟಲೆ ಎತ್ತರಕ್ಕೆ ರಾಶಿ ಹಾಕಿದರೆ ಅದರೊಳಗಿನ ಬೀಜ, ಸೂಕ್ಷ್ಮಜೀವಿ ಸಾಯುತ್ತಾ ಹೋಗುತ್ತವೆ. ಬೇಗ ಹರಡಿದರೆ ನಾವು ಬಿತ್ತದ ಗಿಡಗಳೂ ಏಳುತ್ತವೆ.

ಮುಂಗಾರಿಗೆ ಮುಂಚೆ ಹುಲ್ಲು, ಸ್ಟೈಲೋ ಎಂಬ ಮೇವಿನ ಗಿಡ, ತಂಗಡಿ, ಬಂದರಿಕೆ ಪೊದೆಗಳ ಬೀಜ ಬಿತ್ತುತ್ತೇವೆ. ಸ್ಟೈಲೋ ಬೇರು ನೆಲಕ್ಕೆ ಸಾರಜನಕ ಕೂಡಿಸುತ್ತದೆ. ಬಂದರಿಕೆ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿಗೆ ಹಾಕಿ ತೆಗೆಯಬೇಕು. "ಬಂದರಿಕಿ ಹಾಕ್ರಿ, ನಮ್ಮ ಆಡು ಅದನ್ನ ಮುಟ್ಟಂಗಿಲ್ಲ" ಅಂತ ಕುರಿ ಕಾಯುವ ಯಜಮಾನರೊಬ್ಬರು ಹೇಳಿದ್ದರು. ತಂಗಡಿಗೂ ಅದೇ ಮಾತು. ಬೇಲಿ ಖರ್ಚು ಎಷ್ಟು ಉಳಿಯಿತು ನೋಡಿ!

ಇವು ನೆಲ ಹಿಡಿದ ಮೇಲೆ ಹೊಂಗೆ, ಕಮರ, ಬೇವು. ಬೇವು ಕೆಲವು ಕಡೆ ತಾನೇ ಬಂದಿರುತ್ತದೆ. ಪೊದೆ ಮೇಲೆ ಕೂರುವ ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುತ್ತವೆ. ಅವೇ ಹಕ್ಕಿಗಳು ಲಂಟಾನವನ್ನೂ ತರುತ್ತವೆ, ಅದನ್ನು ಎಳೆಯ ಗಿಡವಾಗಿರುವಾಗಲೇ ಕೀಳಿಸಬೇಕು. ಬಳ್ಳಾರಿ ಜಾಲಿ ಇನ್ನೂ ದೊಡ್ಡ ತಲೆನೋವು. ಅದರ ಕಾಯಿ ತಿಂದ ಆಡು ಹೋದಲ್ಲೆಲ್ಲ ಹಿಕ್ಕೆಯಲ್ಲಿ ಬೀಜ ಬಿಡುತ್ತದೆ. ಕಡಿದರೆ ಬುಡ ಮತ್ತೆ ಚಿಗುರುತ್ತದೆ. ಬೇರುಸಮೇತ ಕೀಳಿಸುವ ಕೂಲಿಯನ್ನು ಈಗ ಎಸ್ಟಿಮೇಟಿನಲ್ಲೇ ಸೇರಿಸಿಬಿಡುತ್ತೇನೆ.