ಯಾವ ಕೆಲಸ ಮೊದಲು? ಪಟ್ಟಿಗಳ ನಡುವೆಯೇ ಪೈಪೋಟಿ ಹಚ್ಚಿ

ಹತ್ತು ಆರ್ಡರ್‌ಗಳು, ಒಂದೇ ಯಂತ್ರ. ಯಾವುದನ್ನು ಮೊದಲು ಏರಿಸಬೇಕು? ಸಾಧ್ಯವಿರುವ ಸರದಿಗಳು 36,28,800. ಆರ್ಡರ್‌ಗಳು ಇಪ್ಪತ್ತಾದರೆ ಆ ಸಂಖ್ಯೆ 19 ಅಂಕಿಗಳಷ್ಟು ಉದ್ದವಾಗುತ್ತದೆ. ಯಂತ್ರಗಳೂ ಹತ್ತಾದರಂತೂ ಕೇಳುವುದೇ ಬೇಡ. ಹತ್ತು ಕೆಲಸ, ಹತ್ತು ಯಂತ್ರಗಳ ಒಂದು ಪ್ರಸಿದ್ಧ ಲೆಕ್ಕ 1963ರಲ್ಲಿ ಪ್ರಕಟವಾಯಿತು. ಎಲ್ಲ ಕೆಲಸ ಮುಗಿಯಲು ಬೇಕಾದ ಅತಿ ಕಡಿಮೆ ಅವಧಿ 930 ಕಾಲಮಾನಗಳು, ಅದಕ್ಕಿಂತ ಕೆಳಗಿಳಿಯಲು ಆಗದು ಎಂದು ಸಾಧಿಸುವ ಹೊತ್ತಿಗೆ 1989 ಬಂದಿತ್ತು.

ಕಾರ್ಖಾನೆಗೆ ಅಷ್ಟು ಕಾಯುವ ವ್ಯವಧಾನವಿಲ್ಲ. ನಾಳೆಯ ಶಿಫ್ಟ್‌ಗೆ ಇಂದಿನದಕ್ಕಿಂತ ಒಳ್ಳೆಯ ಪಟ್ಟಿ ಸಿಕ್ಕರೆ ಸಾಕು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಹಾಲೆಂಡ್ 1975ರ ತಮ್ಮ ಪುಸ್ತಕದಲ್ಲಿ ಸಿದ್ಧಾಂತವಾಗಿ ಕಟ್ಟಿಕೊಟ್ಟ ಜೆನೆಟಿಕ್ ಅಲ್ಗಾರಿದಂ ಇಲ್ಲಿ ಒದಗುತ್ತದೆ. ಹಲವು ಪಟ್ಟಿಗಳನ್ನು ಸಾಕಿ, ಒಳ್ಳೆಯವುಗಳಿಂದ ಮರಿ ಮಾಡಿಸಿ, ಉಳಿದವನ್ನು ಕೈಬಿಡುವುದು: ಇಷ್ಟೇ ಇದರ ಒಳಗುಟ್ಟು.

1. ಸಮಯಗಳನ್ನು ಅಳೆಯಿರಿ

ಪ್ರತಿ ಕೆಲಸಕ್ಕೆ ಯಾವ ಯಂತ್ರ, ಎಷ್ಟು ನಿಮಿಷ, ಯಾವ ದಿನ ಕೊಡಬೇಕು ಎಂಬುದು ಬೇಕು. ಒಂದು ಕೆಲಸದಿಂದ ಇನ್ನೊಂದಕ್ಕೆ ಯಂತ್ರವನ್ನು ಅಣಿಗೊಳಿಸುವ ಸಮಯವನ್ನು ಮಾತ್ರ ಮರೆಯಬೇಡಿ. ಬಣ್ಣ ತಯಾರಿಕೆಯಲ್ಲಿ ತಿಳಿ ಬಣ್ಣದ ನಂತರ ಗಾಢ ಬಣ್ಣ ಬಂದರೆ ತೊಳೆಯುವುದು ಬೇಗ ಮುಗಿಯುತ್ತದೆ. ಕಪ್ಪಿನ ನಂತರ ಬಿಳಿ ಬಂದರೆ ಉಜ್ಜಿ ಉಜ್ಜಿ ಸಾಕಾಗುತ್ತದೆ. ಸರದಿ ಬದಲಿಸಿ ಸಿಗುವ ಲಾಭದ ದೊಡ್ಡ ಪಾಲು ಅಡಗಿರುವುದು ಇಂಥ ಕಡೆಯೇ.

2. ಪಟ್ಟಿಯನ್ನು ಅಕ್ಷರಗಳಾಗಿ ಬರೆಯಿರಿ

ಪ್ರತಿ ಕೆಲಸಕ್ಕೆ ಒಂದು ಅಕ್ಷರ. ಕೆಲಸಕ್ಕೆ ಎಷ್ಟು ಹಂತಗಳಿವೆಯೋ ಅಷ್ಟು ಸಲ ಆ ಅಕ್ಷರ ಬರಲಿ. ‘ಬ ಅ ಬ ಕ ಅ ಕ’ ಎಂದರೆ, ಮೊದಲು ಕಾಣುವ ‘ಬ’ ಆ ಕೆಲಸದ ಮೊದಲ ಹಂತ, ಎರಡನೆಯದು ಎರಡನೇ ಹಂತ. ಹೀಗೆ ಬರೆದರೆ ಅಕ್ಷರಗಳನ್ನು ಹೇಗೆ ಕಲಸಿದರೂ, ರಂಧ್ರ ಕೊರೆಯುವ ಮೊದಲೇ ಪಾಲಿಶ್ ಮಾಡುವಂಥ ಅಸಂಬದ್ಧ ಪಟ್ಟಿ ಹುಟ್ಟುವುದಿಲ್ಲ.

3. ಅಂಕ ಕೊಡುವ ಸೂತ್ರ

ಜನ ಅಲ್ಗಾರಿದಂ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಕೆಡಿಸಿಕೊಳ್ಳಬೇಕಾದದ್ದು ಇಲ್ಲಿ. ಮೊದಲ ಸಲ ನಾನು ಎಲ್ಲ ಆರ್ಡರ್‌ಗಳ ವಿಳಂಬವನ್ನು ಕೂಡಿ, ಆ ಮೊತ್ತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಬರೆದಿದ್ದೆ. ಮೊತ್ತವೇನೋ ಚೆನ್ನಾಗಿ ಇಳಿಯಿತು. ನೋಡಿದರೆ, ಒಂದು ದೊಡ್ಡ ಆರ್ಡರನ್ನು ಪಟ್ಟಿಯ ತುದಿಗೆ ತಳ್ಳಿ ಒಂಬತ್ತು ದಿನ ಕಾಯಿಸಿ, ಉಳಿದ ಚಿಕ್ಕವನ್ನೆಲ್ಲ ಹೊತ್ತಿಗೆ ಸರಿಯಾಗಿ ಮುಗಿಸಿತ್ತು! ತಪ್ಪು ಅದರದಲ್ಲ, ನಾನು ಕೇಳಿದ್ದನ್ನೇ ಕೊಟ್ಟಿತ್ತು. ವಿಳಂಬದ ವರ್ಗವನ್ನು ಕೂಡಿದ ಮೇಲೆ ಹಾದಿಗೆ ಬಂತು: ಒಂಬತ್ತು ದಿನದ ವಿಳಂಬಕ್ಕೆ 81, ಒಂದೊಂದು ದಿನದ ಒಂಬತ್ತು ವಿಳಂಬಗಳಿಗೆ ಬರೀ 9. ಅಣಿಗೊಳಿಸುವ ಸಮಯ, ಓವರ್‌ಟೈಮ್ ಇವಕ್ಕೂ ದಂಡ ಸೇರಿಸಿ. ಬರೆಯದೆ ಬಿಟ್ಟದ್ದು ಅದರ ಪಾಲಿಗೆ ಪುಕ್ಕಟೆ.

4. ಪೀಳಿಗೆಗಳನ್ನು ಬೆಳೆಸಿ

ನೂರು ಪಟ್ಟಿಗಳಿಂದ ಶುರು ಮಾಡಿ. ಹೆಚ್ಚಿನವು ಮನಬಂದಂತೆ ಕಲಸಿದವಾಗಿರಲಿ. ಈಗ ಬಳಸುತ್ತಿರುವ ಪಟ್ಟಿಯನ್ನೂ, ಗಡುವಿನ ಪ್ರಕಾರ ಜೋಡಿಸಿದ ಇನ್ನೊಂದನ್ನೂ ಸೇರಿಸಿ. ಮೂರು ಪಟ್ಟಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅವುಗಳಲ್ಲಿ ಗೆದ್ದದ್ದನ್ನು ಒಬ್ಬ ಪೋಷಕನನ್ನಾಗಿಸಿ. ಇನ್ನೊಬ್ಬನೂ ಹಾಗೆಯೇ.

ಬೆರೆಸುವಾಗ ಎಚ್ಚರ. ‘ಅ ಬ ಕ ಡ’ದ ಮೊದಲರ್ಧವನ್ನು ‘ಡ ಕ ಅ ಬ’ದ ಕೊನೆಯರ್ಧಕ್ಕೆ ಅಂಟಿಸಿದರೆ ‘ಅ ಬ ಅ ಬ’ ಬರುತ್ತದೆ. ಎರಡು ಕೆಲಸ ಮಾಯ, ಎರಡು ಇಮ್ಮಡಿ. ಆದ್ದರಿಂದ ಮೊದಲರ್ಧವನ್ನು ಹಾಗೆಯೇ ಇಟ್ಟುಕೊಂಡು, ಬಾಕಿ ಅಕ್ಷರಗಳನ್ನು ಎರಡನೇ ಪೋಷಕನಲ್ಲಿ ಬಂದ ಕ್ರಮದಲ್ಲಿ ತುಂಬಿ: ‘ಅ ಬ ಡ ಕ’. ಆಗೊಮ್ಮೆ ಈಗೊಮ್ಮೆ ಎರಡು ಅಕ್ಷರಗಳ ಜಾಗ ಅದಲುಬದಲು ಮಾಡಿ, ಇಲ್ಲವಾದರೆ ಎಲ್ಲ ಪಟ್ಟಿಗಳೂ ಬೇಗನೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾಗುತ್ತವೆ. ಪ್ರತಿ ಪೀಳಿಗೆಯ ಅತ್ಯುತ್ತಮ ಪಟ್ಟಿಯನ್ನು ಮುಟ್ಟದೆ ಮುಂದಕ್ಕೆ ಸಾಗಿಸಿ.

ನೂರು ಪೀಳಿಗೆ ಕಳೆದರೂ ಅಂಕ ಕದಲದಿದ್ದರೆ ನಿಲ್ಲಿಸಿ, ಹೊಸ ಆರಂಭದಿಂದ ಇನ್ನೂ ನಾಲ್ಕೈದು ಬಾರಿ ಓಡಿಸಿ. ಪ್ರತಿ ಬಾರಿಯೂ ಬೇರೆ ಬೇರೆ ಪಟ್ಟಿ ಬರಬಹುದು, ಗಾಬರಿ ಬೇಡ. ಅವುಗಳ ಅಂಕಗಳು ತೀರಾ ದೂರ ದೂರ ಇದ್ದರೆ ಮಾತ್ರ ಪಟ್ಟಿಗಳ ಸಂಖ್ಯೆ ಹೆಚ್ಚಿಸಿ.

5. ಯಂತ್ರದ ಬಳಿಗೆ ಒಯ್ಯುವಾಗ

ಗಡುವಿನ ಪ್ರಕಾರ ಜೋಡಿಸಿದ ಸಾದಾ ಪಟ್ಟಿಗೂ ಇದಕ್ಕೂ ಅಂಕ ಹೋಲಿಸಿ. ವ್ಯತ್ಯಾಸ ಅಲ್ಪವಾದರೆ ಸಾದಾ ಪಟ್ಟಿಯೇ ಸಾಕು. ಗೆದ್ದ ಪಟ್ಟಿಯನ್ನು ಮೇಲ್ವಿಚಾರಕರ ಮುಂದಿಟ್ಟು, ‘ಇದರಲ್ಲಿ ಯಾವುದು ಆಗುವುದಿಲ್ಲ?’ ಎಂದು ಕೇಳಿ. ‘ಆ ಎರಡು ಕೆಲಸಕ್ಕೂ ಇರುವುದು ಒಂದೇ ಡೈ (ಅಚ್ಚು)’ ಎಂಬಂಥ ಉತ್ತರ ಬಂದರೆ ನೇರ ಮೂರನೇ ಹೆಜ್ಜೆಗೆ ಮರಳಿ.

ಯಂತ್ರ ಕೆಟ್ಟಾಗ, ತುರ್ತು ಆರ್ಡರ್ ಬಂದಾಗ ಮತ್ತೆ ಓಡಿಸಬೇಕಾಗುತ್ತದೆ. ಆಗ ಮುಂದಿನ ಎರಡು ಮೂರು ಗಂಟೆಗಳ ಕೆಲಸವನ್ನು ಇದ್ದಂತೆಯೇ ಬಿಟ್ಟು, ಅದರ ನಂತರದ್ದನ್ನಷ್ಟೇ ಹೊಸದಾಗಿ ಜೋಡಿಸಿ. ಡೈ ಬಿಗಿದು ಕಾದು ನಿಂತ ಯಂತ್ರದಿಂದ ಕೆಲಸ ಕಿತ್ತುಕೊಳ್ಳಬೇಡಿ.